ಅಪ್‌ಡೇಟ್: ಭಾವನ ಕೈಯ ನೋವು ಕುತ್ತಿಗೆಯ ನರದ ಬೇರಿನದು

ಮೆಣಸು ಕೊಯ್ಯುವಾಗ ಏಣಿ ಜಾರಿ, ಸಿಲ್ವರ್ ಓಕ್ ಕೊಂಬೆಗೆ ಒಂದೇ ಕೈಯಲ್ಲಿ ಜೋತುಬಿದ್ದಿದ್ದರು ನಮ್ಮ ಭಾವ. ಗಾಯವೇ ಇಲ್ಲದ ಅವರಿಗೆ ಇಷ್ಟು ನೋವು, ಕತ್ತಿ ತಾಗಿ ಮಣಿಕಟ್ಟಿನ ನರವೇ ತುಂಡಾದ ಪಕ್ಕದ ಲೈನ್‌ಮನೆಯವರಿಗೆ ಯಾಕಿಲ್ಲ ಅಂತ ಕೇಳಿದ್ದೆ.

ಸೋಮವಾರಪೇಟೆಯಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಕೈ ಮುಟ್ಟುವ ಮೊದಲೇ ಕಣ್ಣು ನೋಡಿದರು: ಆ ಕಡೆಯ ರೆಪ್ಪೆ ಇಳಿದಿದೆ, ಪಾಪೆ ಚಿಕ್ಕದಾಗಿದೆ. ಕೈಯ ನರಗಳು ಕುತ್ತಿಗೆಯ ಹತ್ತಿರ 5 ಬೇರುಗಳಿಂದ ಹೊರಡುತ್ತವೆ. ಕಣ್ಣು ಹೀಗಾಗಿರುವುದು ಅವುಗಳಲ್ಲಿ ಕೆಳಗಿನ ಬೇರು ಬೆನ್ನುಹುರಿಯಿಂದ ಕಿತ್ತಿರುವ ಗುರುತಂತೆ. ಎಂಆರ್‌ಐನಲ್ಲೂ ಅದೇ ಬಂತು.

ವಿಚಿತ್ರ ಅಂದರೆ, ಕಿರುಬೆರಳು ಮುಟ್ಟಿದರೆ ಗೊತ್ತಾಗುವುದಿಲ್ಲ, ಆದರೆ ಕರೆಂಟ್ ಪರೀಕ್ಷೆಯಲ್ಲಿ ಸ್ಪರ್ಶದ ನರ ಸರಿಯಾಗೇ ಇದೆ. ಅದರ ಜೀವಕೋಶ ಬೆನ್ನುಹುರಿಯ ಹೊರಗಿನ ಗಂಟಿನಲ್ಲಿದೆ, ಕಿತ್ತಿದ್ದು ಅದಕ್ಕೂ ಒಳಗೆ. ಹಾಗಾಗಿ ಗಂಟಿನಿಂದ ಕೈವರೆಗಿನ ನರ ಜೀವಂತ, ಸುದ್ದಿ ಮಾತ್ರ ಬೆನ್ನುಹುರಿ ಮುಟ್ಟುವುದಿಲ್ಲ. ಕೈಯಿಂದ ಸುದ್ದಿ ನಿಂತ ಮೇಲೆ ಬೆನ್ನುಹುರಿಯ ಕೋಶಗಳು ತಾವಾಗಿಯೇ ಮಿಡಿಯುತ್ತವೆ. ಅದಕ್ಕೇ ಮರಗಟ್ಟಿದ ಕೈಯಲ್ಲೂ ಸದಾ ಉರಿ, ನಡುವೆ ಶಾಕ್ ಹೊಡೆದ ಹಾಗೆ.

ಮಣಿಕಟ್ಟಿನ ನರವನ್ನಾದರೆ ಹೊಲಿಯಬಹುದು, ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಹಾಗಂತ ಮಣಿಕಟ್ಟಿನ ಪೆಟ್ಟು ಯಾವಾಗಲೂ ಹಗುರ ಅಲ್ಲ. ತುಂಡಾದ ತುದಿ ಗಂಟುಕಟ್ಟಿದರೆ ಅದೂ ಜೀವ ಹಿಂಡುತ್ತದಂತೆ.

ಈಗ ನರದ ನೋವಿಗೆ ಗ್ಯಾಬಪೆಂಟಿನ್ ಮಾತ್ರೆ, ರಾತ್ರಿಗೆ ಅಮಿಟ್ರಿಪ್ಟಿಲಿನ್. ನಿದ್ದೆ ಬರುತ್ತಿದೆ, ಉರಿ ಹೋಗಿಲ್ಲ. ಬೇರೆ ನರ ತಂದು ಜೋಡಿಸುವ ಆಪರೇಷನ್ ಮಾಡಿಸುವುದಾದರೆ ಪೆಟ್ಟಾದ 6 ತಿಂಗಳೊಳಗೆ ಆಗಬೇಕಂತೆ. ಥಂಡಿಗೆ ನೋವು ಜಾಸ್ತಿ, ಮಳೆಗಾಲಕ್ಕೆ ಮುಂಚೆಯೇ ಮಾಡಿಸೋಣ ಅಂತಿದ್ದಾಳೆ ಅಕ್ಕ.