ಉದ್ದ ವಾಕ್ಯಕ್ಕೆ ಒಂದೇ ಇಂಗ್ಲಿಷ್ ಪದ: ಪಟ್ಟಿ ನಂಬಿ ಎಡವಿದ್ದು, ಜೊತೆಗೆ ‘ಮರಣೋತ್ತರ’ದ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ಪ್ರಶ್ನೆ ಕೊನೆಯಲ್ಲಿದೆ, ಚಿಕ್ಕದು. ಅದು ಹುಟ್ಟಿದ ಕಥೆ ಮಾತ್ರ ಸ್ವಲ್ಪ ಉದ್ದ. ಅವಸರ ಇದ್ದವರು ನೇರ ಕೆಳಗೆ ಹೋಗಬಹುದು, ಬೇಜಾರಿಲ್ಲ.

ಕೆಲವು ತಿಂಗಳಿಂದ ಇಂಗ್ಲಿಷಿನ ‘ಒನ್ ವರ್ಡ್ ಸಬ್‌ಸ್ಟಿಟ್ಯೂಷನ್’ ಕಲಿಯುತ್ತಿದ್ದೇನೆ. ಪರೀಕ್ಷೆಗೆ ಓದಿದವರಿಗೆಲ್ಲ ಇದು ಗೊತ್ತು. ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ. ಎಡಗಡೆ ‘ಎರಡೂ ಕೈಯಲ್ಲಿ ಸಲೀಸಾಗಿ ಕೆಲಸ ಮಾಡುವವರು’ ಅಂತ ಉದ್ದದ ವಿವರ, ಬಲಗಡೆ ‘ಆಂಬಿಡೆಕ್ಸ್‌ಟ್ರಸ್’ ಅಂತ ಒಂದೇ ಪದ. ಬಲಗಡೆಯನ್ನು ಅಂಗೈಯಿಂದ ಮುಚ್ಚಿಕೊಂಡು ಎಡಗಡೆ ಓದುವುದು, ಪದ ಬಾಯಿಗೆ ಬಂದರೆ ಕೈಯನ್ನು ಒಂದು ಸಾಲು ಕೆಳಗೆ ಜಾರಿಸುವುದು. ಹೀಗೆ ಜಾರಿಸಿ ಜಾರಿಸಿ ನಾಲ್ಕೈದು ಪುಟ ಬಾಯಿಪಾಠ ಆಯಿತು. ನನಗೂ ಸ್ವಲ್ಪ ಜಂಬ ಬಂತು.

ಜಂಬ ಇಳಿದದ್ದು ಆಫೀಸಿನ ಒಂದು ವಿಡಿಯೋ ಮೀಟಿಂಗಿನಲ್ಲಿ. ಎಲ್ಲರೂ ಸೇರುವ ತನಕ ಹರಟೆ ನಡೆದಿತ್ತು. ಹೊರದೇಶದ ಸಹೋದ್ಯೋಗಿಯೊಬ್ಬರು ನನ್ನ ಗೆಳತಿಯನ್ನು, ಪ್ರವಾಸಕ್ಕೆ ಗಂಡನೂ ಬರ್ತಾರಾ ಅಂತ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು, ಇಲ್ಲ ಇಲ್ಲ, ಅವಳು ಸ್ಪಿನ್‌ಸ್ಟರ್ ಅಂದೆ. ಪಟ್ಟಿಯಲ್ಲಿ ಇದ್ದದ್ದು ಅಷ್ಟೇ ಅಲ್ವಾ? ಮದುವೆಯಾಗದ ಗಂಡು ಬ್ಯಾಚುಲರ್, ಮದುವೆಯಾಗದ ಹೆಣ್ಣು ಸ್ಪಿನ್‌ಸ್ಟರ್. ಆ ಕಡೆ ಯಾರೂ ಮಾತಾಡಲಿಲ್ಲ. ಒಬ್ಬರು ಕೆಮ್ಮಿದರು. ಮೀಟಿಂಗ್ ಮುಗಿದ ಮೇಲೆ ಗೆಳತಿಯ ಮೆಸೇಜ್ ಬಂತು: “ನಾನೇನು ಅಷ್ಟು ಮುದುಕಿ ಥರ ಕಾಣ್ತೀನೇನೇ?”

ಆಮೇಲೆ ಕೂತು ಹುಡುಕಿದೆ. ಸ್ಪಿನ್ ಅಂದರೆ ನೂಲುವುದು, ಸ್ಪಿನ್‌ಸ್ಟರ್ ಅಂದರೆ ಮೊದಲು ನೂಲುವವಳು ಅಂತಷ್ಟೇ ಅರ್ಥ. ಮುಂದೆ ಅದು ಮದುವೆಯಾಗದ ಹೆಣ್ಣಿಗೆ ಕಾಗದಪತ್ರಗಳಲ್ಲಿ ಬರೆಯುವ ಪದವಾಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಮದುವೆ ರಿಜಿಸ್ಟರುಗಳಲ್ಲಿ 2005ರ ತನಕ ಇತ್ತು. ಆಮೇಲೆ ಬ್ಯಾಚುಲರನ್ನೂ ಸ್ಪಿನ್‌ಸ್ಟರನ್ನೂ ತೆಗೆದು ಇಬ್ಬರಿಗೂ ‘ಸಿಂಗಲ್’ ಅಂತ ಹಾಕಿದರು. ಮಾತಿನಲ್ಲಂತೂ ಅದು ವಯಸ್ಸು ದಾಟಿದರೂ ಯಾರೂ ಕೈಹಿಡಿಯದವಳು ಅನ್ನುವ ಕೊಂಕಾಗಿ ಯಾವತ್ತೋ ಕೆಟ್ಟುಹೋಗಿದೆ. ಬ್ಯಾಚುಲರ್‌ಗೆ ಮಾತ್ರ ಏನೂ ಆಗಿಲ್ಲ, ಅವನು ಈಗಲೂ ಹಾಯಾಗಿದ್ದಾನೆ. ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಜೋಡಿಯಾಗಿ ನಿಂತಿರುತ್ತಾರೆ, ನೋಡಿದವರಿಗೆ ಏನು ಗೊತ್ತಾಗಬೇಕು!

ಯೋಚಿಸಿದರೆ ಇದು ನಮಗೆ ಹೊಸ ಆಟವೇ ಅಲ್ಲ. ವ್ಯಾಕರಣದ ಕ್ಲಾಸಿನಲ್ಲಿ ಸಮಾಸ ಬಿಡಿಸಿಲ್ಲವಾ? ‘ಮೂರು ಕಣ್ಣು ಉಳ್ಳವನು ಯಾವನೋ ಅವನು – ಮುಕ್ಕಣ್ಣ.’ ಅದೇ ವಿಗ್ರಹವಾಕ್ಯವನ್ನು ಎಡಗಡೆ ಬರೆದು ಸಮಸ್ತಪದವನ್ನು ಬಲಗಡೆ ಮುಚ್ಚಿಟ್ಟರೆ ಇಂಗ್ಲಿಷಿನವರ ಪಟ್ಟಿ ಆಯಿತು. ಆದರೆ ವಿಗ್ರಹವಾಕ್ಯ ಓದಿದರೆ ಮೂರು ಕಣ್ಣಿರುವ ಯಾರಾದರೂ ಆಗಬಹುದು, ಮುಕ್ಕಣ್ಣ ಮಾತ್ರ ಶಿವನೊಬ್ಬನೇ. ಇವೆರಡರ ನಡುವಿನ ಸಂದಿಯಲ್ಲೇ ‘ಮೂರು ಕಣ್ಣುಂಟು, ಶಿವನಲ್ಲ’ ಅನ್ನುವ ತೆಂಗಿನಕಾಯಿಯ ಒಗಟು ಹುಟ್ಟಿರುವುದು. ಕನ್ನಡದಲ್ಲಿ ಇದು ನಮಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ. ಇಂಗ್ಲಿಷಿಗೆ ಹೋದ ತಕ್ಷಣ ಎಡಗಡೆಯ ವಾಕ್ಯವೇ ಪೂರ್ತಿ ಅರ್ಥ ಅಂದುಕೊಂಡುಬಿಡುತ್ತೇವೆ.

ಆಂಬಿಡೆಕ್ಸ್‌ಟ್ರಸ್ ಪಕ್ಕ ನಾನು ‘ಸವ್ಯಸಾಚಿ’ ಅಂತ ಬರೆದುಕೊಂಡಿದ್ದೆ. ಅದೂ ಪೂರ್ತಿ ಸರಿಯಲ್ಲ. ಲ್ಯಾಟಿನ್ ಮೂಲ ನೋಡಿದರೆ ‘ಎರಡೂ ಬಲಗೈಯೇ’ ಅನ್ನುವ ಹಾಗಿದೆ, ಎಡಗೈಗೆ ಮರ್ಯಾದೆಯೇ ಇಲ್ಲ. ಸವ್ಯಸಾಚಿಯಲ್ಲಿ ಸವ್ಯ ಅಂದರೆ ಎಡ, ಎಡಗೈಯಿಂದಲೂ ಬಾಣ ಬಿಡುವವನು ಅಂತ. ಜೊತೆಗೆ ಕನ್ನಡದಲ್ಲಿ ಕಥೆ, ನಾಟಕ, ಕವಿತೆ ಎಲ್ಲದರಲ್ಲೂ ಕೈಯಾಡಿಸಿದವರನ್ನು ಸವ್ಯಸಾಚಿ ಅಂತೀವಿ. ಅಲ್ಲಿ ಆಂಬಿಡೆಕ್ಸ್‌ಟ್ರಸ್ ಹಾಕಿದರೆ ಓದುವವರು ಆ ಲೇಖಕರು ಎರಡು ಕೈಯಲ್ಲೂ ಪೆನ್ನು ಹಿಡಿಯುತ್ತಿದ್ದರು ಅಂದುಕೊಳ್ಳುತ್ತಾರೆ.

‘ಇಲ್ಲೆಜಿಬಲ್’ ಇನ್ನೊಂದು. ಪಟ್ಟಿ ಹೇಳುವುದು ‘ಓದಲಾಗದ್ದು’ ಅಂತ. ಆದರೆ ಅಕ್ಷರವೇ ಗುರುತು ಸಿಗದಿದ್ದರೆ ಇಲ್ಲೆಜಿಬಲ್. ಅಕ್ಷರ ಮುತ್ತಿನ ಹಾಗಿದ್ದು ಬರಹ ತಲೆನೋವು ತರುವಂತಿದ್ದರೆ ಅದು ‘ಅನ್‌ರೀಡಬಲ್’. ಹಾಗೇ ‘ಎಡಿಬಲ್’ ಅಂದರೆ ತಿಂದರೆ ಅಪಾಯ ಇಲ್ಲ ಅಂತ, ‘ಈಟಬಲ್’ ಅಂದರೆ ಹೇಗೋ ಬಾಯಿಗೆ ಹೋಗುತ್ತದೆ ಅಂತ. ‘ಸೈಡ್’ನಿಂದ ಮುಗಿಯುವ ಕೊಲೆಯ ಪದಗಳು ಸುಲಭ, ಬೇರು ಗೊತ್ತಾದರೆ ಸಾಕು. ಒಂದೇ ಎಚ್ಚರ: ‘ರೆಜಿಸೈಡ್’ ಅಂದರೆ ರಾಜನನ್ನು ಕೊಲ್ಲುವುದೂ ಹೌದು, ಕೊಂದವನೂ ಹೌದು.

ಈಗ ಪ್ರಶ್ನೆಗೆ ಬರುತ್ತೇನೆ.

ಮಕ್ಕಳಿಗಾಗಿ ನ್ಯೂಟನ್ ಬಗ್ಗೆ ಒಂದು ಪುಟ್ಟ ಬರಹವನ್ನು ಕನ್ನಡಕ್ಕೆ ತರುತ್ತಿದ್ದೆ. ಅವನು ಹುಟ್ಟಿದ್ದು ಆಗಿನ ಇಂಗ್ಲೆಂಡಿನ ಕ್ಯಾಲೆಂಡರಿನಂತೆ 1642ರ ಡಿಸೆಂಬರ್ 25. ಅಷ್ಟರಲ್ಲಿ ಅಪ್ಪ ತೀರಿಕೊಂಡು ಸುಮಾರು ಮೂರು ತಿಂಗಳಾಗಿತ್ತು. ಇಂಗ್ಲಿಷಿನಲ್ಲಿ ಅವನನ್ನು ‘ಪಾಸ್ಚ್ಯುಮಸ್ ಚೈಲ್ಡ್’ ಅಂದಿದ್ದರು. ಪಟ್ಟಿ ನೆನಪಿತ್ತು, ಪಾಸ್ಚ್ಯುಮಸ್ ಅಂದರೆ ಮರಣೋತ್ತರ. ಸುಮ್ನೆ ಕೈ ಓಡಿದ ಹಾಗೆ ‘ನ್ಯೂಟನ್ ಮರಣೋತ್ತರ ಮಗು’ ಅಂತ ಬರೆದೆ. ಮಾರನೆಯ ದಿನ ಓದಿ ನನಗೇ ನಗು ಬಂತು. ಮಗುವೇ ಸತ್ತು ಆಮೇಲೆ ಹುಟ್ಟಿದ ಹಾಗಿದೆ!

ತಮಾಷೆ ಅಂದರೆ ಅದೇ ಬರಹದ ಕೊನೆಯಲ್ಲಿ ಅದೇ ಪದ ಮತ್ತೆ ಬಂತು. ನ್ಯೂಟನ್ 1727ರಲ್ಲಿ ತೀರಿಕೊಂಡ. ಫ್ಲಕ್ಷನ್ ಗಣಿತದ (ಈಗ ನಾವು ಕ್ಯಾಲ್ಕುಲಸ್ ಅನ್ನುವುದು) ಮೇಲೆ ಅವನು ಬರೆದ ಪುಸ್ತಕ 1736ರಲ್ಲಿ ಅಚ್ಚಾಯಿತು. ಅಲ್ಲಿ ‘ಮರಣೋತ್ತರ ಪ್ರಕಟಣೆ’ ಅಂದರೆ ಏನೂ ತೊಂದರೆ ಇಲ್ಲ. ಮರಣೋತ್ತರ ಪ್ರಶಸ್ತಿ ಅಂತ ಪತ್ರಿಕೆಯಲ್ಲಿ ಓದಿ ಓದಿ ಕಿವಿ ಪಳಗಿದೆ. ಆದರೆ ಮರಣೋತ್ತರ ಪರೀಕ್ಷೆ ಅಂತಲೂ ಬರೆಯುತ್ತೇವಲ್ಲ, ಅದು ಪೋಸ್ಟ್‌ಮಾರ್ಟಂ. ಇಂಗ್ಲಿಷ್ ಎರಡು ಪದ ಇಟ್ಟುಕೊಂಡ ಕಡೆ ನಾವು ಒಂದರಲ್ಲೇ ಸುಧಾರಿಸಿದ್ದೇವೆ. ಒಬ್ಬರ ಮಾತನ್ನು ಎಳೆ ಎಳೆಯಾಗಿ ಬಿಡಿಸಿ ಟೀಕಿಸುವಾಗ ಮಾತ್ರ ಪೋಸ್ಟ್‌ಮಾರ್ಟಂ ಮಾಡಿದರು ಅಂತೀವಿ, ಅಲ್ಲಿ ಮರಣೋತ್ತರ ಪರೀಕ್ಷೆ ಕೂರುವುದಿಲ್ಲ.

ಇನ್ನೂ ಮಜಾ ಇದೆ. ಪಾಸ್ಚ್ಯುಮಸ್ ಪದದ ಮೂಲದಲ್ಲಿ ಸಾವೇ ಇಲ್ಲ. ಲ್ಯಾಟಿನ್ನಿನ ‘ಪೋಸ್ತುಮುಸ್’ ಅಂದರೆ ಕಟ್ಟಕಡೆಯದು, ಕೊನೆಗೆ ಹುಟ್ಟಿದ್ದು. ಅಪ್ಪ ಸತ್ತ ಮೇಲೆ ಹುಟ್ಟಿದ ಮಗುವೇ ಅವನ ಕೊನೆಯ ಮಗು ತಾನೇ, ಹಾಗಾಗಿ ಪದ ಅಲ್ಲಿ ಅಂಟಿಕೊಂಡಿತು. ಮುಂದೆ ಯಾರೋ ಇದನ್ನು ‘ಹ್ಯೂಮಸ್’, ಅಂದರೆ ಮಣ್ಣು, ಅದರ ಜೊತೆ ಗಂಟುಹಾಕಿ ನಡುವೆ ಒಂದು ಹಕಾರ ತುರುಕಿದರು. ಮಣ್ಣಾದ ಮೇಲೆ ಬಂದದ್ದು ಅನ್ನುವ ಲೆಕ್ಕ. ಆ ಹಕಾರ ಕಾಗುಣಿತದಲ್ಲಿ ಉಳಿಯಿತು, ಬಾಯಿಗೆ ಬರಲಿಲ್ಲ. ನಮ್ಮಲ್ಲಿ ಜಾಸ್ತಿ ಜನ ‘ಪೋಸ್ಟ್ ಹ್ಯೂಮಸ್’ ಅನ್ನುವುದು ಅದನ್ನು ನೋಡಿಯೇ. ಅಂದರೆ ಇಂಗ್ಲಿಷಿನಲ್ಲಿ ಮಗು ಮೊದಲು, ಪ್ರಶಸ್ತಿ ಆಮೇಲೆ. ನಮ್ಮ ‘ಮರಣೋತ್ತರ’ ಪ್ರಶಸ್ತಿಗೆ ಹೊಂದುತ್ತದೆ, ಮಗುವಿಗೆ ಹೊಂದುವುದಿಲ್ಲ.

‘ತಬ್ಬಲಿ’ ಆಗುವುದಿಲ್ಲ, ತಾಯಿ ಬದುಕಿದ್ದಳು. ಪರೀಕ್ಷಿತನ ಕಥೆಯೂ ಇದೇ, ಅಭಿಮನ್ಯು ಸತ್ತಾಗ ಅವನು ಉತ್ತರೆಯ ಹೊಟ್ಟೆಯಲ್ಲಿದ್ದ. ಇಷ್ಟು ಹಳೆಯ ಕಥೆ ನಮ್ಮಲ್ಲಿದ್ದ ಮೇಲೆ ಪದವೂ ಇರಬೇಕು ಅಂತ ಆಸೆ. ಸದ್ಯಕ್ಕೆ ನಾನು ‘ಅಪ್ಪನ ಮುಖ ಕಾಣದ ಮಗು’ ಅಂತ ಬರೆದಿದ್ದೇನೆ. ಒಂದು ಪದದ ಬದಲು ನಾಲ್ಕು ಪದ ಆಯಿತು. ಮಕ್ಕಳಿಗೆ ತಟ್ಟನೆ ಅರ್ಥ ಆಗುತ್ತದೆ ಅನ್ನುವುದೊಂದೇ ಸಮಾಧಾನ. ಆದರೆ ಎಳೆಗೂಸಾಗಿದ್ದಾಗ ಅಪ್ಪನನ್ನು ಕಳೆದುಕೊಂಡವರಿಗೂ ಜನ ಹೀಗೇ ಅನ್ನುತ್ತಾರೆ ಅಲ್ವಾ? ಅಲ್ಲಿ ನನಗೆ ಅನುಮಾನ.

ನಿಮ್ಮ ಮನೆಮಾತಿನಲ್ಲಿ, ಇಲ್ಲವೇ ಹಳೆಯ ಓದಿನಲ್ಲಿ, ಇಂಥ ಮಗುವಿಗೆ ಒಂದೇ ಪದ ಬಂದಿದ್ದರೆ ಬಳಸಿದ ವಾಕ್ಯದ ಸಮೇತ ಬರೆಯುತ್ತೀರಾ? ಬರೀ ಪದ ಬೇಡ, ಸ್ಪಿನ್‌ಸ್ಟರ್ ಆದ ಮೇಲೆ ನನಗೆ ಧೈರ್ಯ ಇಲ್ಲ.