ಐತಿಹಾಸಿಕ ಕಾದಂಬರಿಗಳ ಓದು ಮತ್ತು ನಮ್ಮ ಅಡ್ಡಹೆಸರುಗಳು: ಅನುಭವ ತಿಳಿಸಿ

ಕೋರಿಕೆ, ವಿಜಯಪುರದಿಂದ:
ನಮಗೆ ನಾಡಗೌಡ ಎಂಬ ಅಡ್ಡಹೆಸರು ಏಕೆ ಬಂತೆಂದು ಪಿಯುಸಿ ಓದುತ್ತಿರುವ ನನ್ನ ಮಗಳು ಕೇಳಿದಾಗ, ಹಿರಿಯರಿಂದ ಕೇಳಿದ ಎರಡು ಮಾತಿನ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ಈ ರಜೆಯಲ್ಲಿ ಅವಳೊಂದಿಗೆ ಕನ್ನಡದ ಐತಿಹಾಸಿಕ ಕಾದಂಬರಿಗಳನ್ನು ಓದಬೇಕೆಂದಿದ್ದೇನೆ. ಪ್ರಶಸ್ತಿ ಬಂದ ಕೃತಿಗಳಿಂದಲೇ ಆರಂಭಿಸಬೇಕೇ? ಮನೆತನದ ಹೆಸರುಗಳನ್ನು ಅರಿಯಲು ಅವು ನೆರವಾಗುತ್ತವೆಯೇ?

ಜಮಖಂಡಿಯ ನಿವೃತ್ತ ಶಿಕ್ಷಕರು:
ನಾಡಗೌಡರೇ, ಜ್ಞಾನಪೀಠವು ಈಗ ಲೇಖಕರ ಒಟ್ಟು ಸಾಧನೆಗೆ ಸಲ್ಲುತ್ತದೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಒಂದು ನಿರ್ದಿಷ್ಟ ಕೃತಿಗೆ ಸಲ್ಲುತ್ತದೆ. ಆದ್ದರಿಂದ ಪುಸ್ತಕ ಆರಿಸಲು ಎರಡನೆಯದರ ಪಟ್ಟಿಯೇ ಅನುಕೂಲ. ಆದರೂ ನಾನು ಅದೇ ಪಟ್ಟಿಯನ್ನು ನಂಬಿ ಒಮ್ಮೆ ಎಡವಿದ್ದೇನೆ. ತ.ರಾ.ಸು. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಪ್ರಶಸ್ತಿ ಪಡೆದ 'ದುರ್ಗಾಸ್ತಮಾನ'ವನ್ನೇ ಮೊದಲು ಮಕ್ಕಳ ಕೈಗಿತ್ತೆ. ಚಿತ್ರದುರ್ಗದ ನಾಯಕರ ಹಿಂದಿನ ಕಥೆ ತಿಳಿಯದ ಅವರಿಗೆ ಮದಕರಿನಾಯಕನ ಪತನದ ಭಾರ ತಟ್ಟಲಿಲ್ಲ, ಅರ್ಧಕ್ಕೇ ಬಿಟ್ಟರು. ಮರುವರ್ಷ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರನ್ನು ಓದಿಸಿದ ಮೇಲೆ ಅದೇ ಪುಸ್ತಕವನ್ನು ಮಕ್ಕಳು ತಾವಾಗಿಯೇ ಕೇಳಿ ಪಡೆದರು. ಮೊದಲ ಓದಿಗಾದರೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಸಾಕು. 1834ರಲ್ಲಿ ಕೊಡಗಿನ ಕೊನೆಯ ಅರಸ ರಾಜ್ಯ ಕಳೆದುಕೊಂಡ ಕಥೆಯನ್ನು ಅಷ್ಟು ತಿಳಿಯಾದ ಕನ್ನಡದಲ್ಲಿ ಇನ್ನೊಬ್ಬರು ಹೇಳಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುನಗುಂದದ ಓದುಗರೊಬ್ಬರು:
ಹೆಸರಿನ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ಕೂಡಲಸಂಗಮ ನಮಗೆ ಹತ್ತಿರವಾದ್ದರಿಂದ, ಬಿ. ಪುಟ್ಟಸ್ವಾಮಯ್ಯನವರ, 1964ರ ಅಕಾಡೆಮಿ ಪ್ರಶಸ್ತಿ ಪಡೆದ, ಬಸವಣ್ಣನವರ ಕಾಲದ ಕಥೆಯಾದ 'ಕ್ರಾಂತಿ ಕಲ್ಯಾಣ'ವನ್ನು ನಾನು ಊರಿನ ಕಥೆಯೆಂಬಂತೆಯೇ ಓದಿದೆ. ಓದುತ್ತಾ ಶರಣರ ಹೆಸರುಗಳ ಕಡೆಗೆ ಗಮನ ಹೋಯಿತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ: ಇವರ ಹೆಸರಿನ ಮುಂದಿರುವುದು ಅವರವರ ಕಾಯಕ. ಅದೇ ಅಂಬಿಗೇರ, ಮಡಿವಾಳರ, ಹಡಪದ, ಮೇದಾರಗಳು ಇಂದು ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಅಡ್ಡಹೆಸರುಗಳಾಗಿ ಕೊನೆಯಲ್ಲಿ ಕುಳಿತಿವೆ. ದೇಶಪಾಂಡೆ, ಇನಾಮದಾರ, ಮೊಕಾಶಿ ಮೊದಲಾದವು ಮಾತ್ರ ಸುಲ್ತಾನರ ಮತ್ತು ಮರಾಠರ ಕಾಲದ ಕಂದಾಯ ವ್ಯವಸ್ಥೆಯಿಂದ ಬಂದವು. ಹನ್ನೆರಡನೆಯ ಶತಮಾನದ ಕಥೆಯಲ್ಲಿ ಅವು ಕಂಡರೆ ಲೇಖಕರು ಎಚ್ಚರ ತಪ್ಪಿದ್ದಾರೆ ಎಂದೇ ತಿಳಿಯಬೇಕು. ಮಗಳಿಗೆ ಈ ಒರೆಗಲ್ಲನ್ನು ಕೊಟ್ಟು ನೋಡಿ, ಓದು ಬೇರೆಯೇ ಆಗುತ್ತದೆ. ಅಂದ ಹಾಗೆ, ಗಳಗನಾಥ ಎಂಬುದು ಅಡ್ಡಹೆಸರಲ್ಲ, ಊರ ಹೆಸರು. 'ಮಾಧವ ಕರುಣಾ ವಿಲಾಸ' ಬರೆದು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಆ ಹಿರಿಯರ ಅಡ್ಡಹೆಸರು ಕುಲಕರ್ಣಿ.

ಬೈಲಹೊಂಗಲದಿಂದ:
ನಾನು ಕುಲಕರ್ಣಿಯವರ ಮನೆಯ ಸೊಸೆ. ಊರಿನ ಆಡಳಿತ ಗೌಡರದು ಅಥವಾ ಪಾಟೀಲರದು, ಲೆಕ್ಕ ಕುಲಕರ್ಣಿಯವರದು. ಅದೇ ರೀತಿ ಹಲವು ಹಳ್ಳಿಗಳ ಗುಂಪಾದ ಪರಗಣೆಯ ಮಟ್ಟದಲ್ಲಿ ದೇಸಾಯಿ ಮತ್ತು ದೇಶಪಾಂಡೆಯವರು ಇರುತ್ತಿದ್ದರು. ನಾಡಗೌಡ ಎಂದರೆ ಹಲವು ಹಳ್ಳಿಗಳು ಸೇರಿದ ನಾಡಿನ ಗೌಡ. ಹುದ್ದೆಯ ಹೆಸರಾದರೂ ಅದು ಎಷ್ಟು ಎತ್ತರಕ್ಕೆ ಬೆಳೆಯಬಲ್ಲದೆಂಬುದಕ್ಕೆ ನಮ್ಮ ಕಿತ್ತೂರೇ ಸಾಕ್ಷಿ: 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಚೆನ್ನಮ್ಮ ರಾಣಿಯಾಗಿದ್ದದ್ದು ದೇಸಾಯಿ ಮನೆತನದಲ್ಲಿ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ, 1950ರ ಕಾನೂನಿನಿಂದ ಕುಲಕರ್ಣಿ ವತನ, ಅಂದರೆ ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಯ ಹಕ್ಕು, ರದ್ದಾಯಿತು. ಹೆಸರು ಮಾತ್ರ ಉಳಿಯಿತು. ನಮ್ಮ ಅಟ್ಟದ ಮೇಲೆ ಮಾವನವರು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯ ಕಾಗದಗಳು ಮಳೆನೀರಿಗೆ ಸಿಕ್ಕಿ ಅರ್ಧಕ್ಕಿಂತ ಹೆಚ್ಚು ಹಾಳಾದವು. ಓದಿಸಬೇಕೆಂಬ ಬುದ್ಧಿ ನಮಗೆ ತಡವಾಗಿ ಬಂದದ್ದು ಇಂದಿಗೂ ನೋಯಿಸುತ್ತದೆ. ನಾಡಗೌಡರೇ, ಕಾದಂಬರಿ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಹಳೆಯ ಮನೆಯ ಅಟ್ಟ, ಪೆಟ್ಟಿಗೆಗಳನ್ನು ಮಗಳೊಂದಿಗೆ ಒಮ್ಮೆ ನೋಡಿರಿ, ಮೋಡಿ ಬಲ್ಲವರು ಸಿಕ್ಕರೆ ಮಳೆಗಾಲಕ್ಕೆ ಮುಂಚೆಯೇ ಓದಿಸಿರಿ.