ಡೀಸೆಲ್ ಎಸ್‌ಯುವಿ: ಅಡಿ ಪ್ಲೇಟ್ ಹಾಕಿಸಿದ ಮೇಲೆ ಸುಟ್ಟ ವಾಸನೆ, ಎಣ್ಣೆ ತೊಟ್ಟು, ಗರ್ ಸದ್ದು

ಕೆಎ64 ಕಲ್ಲುದಾರಿ
ತಲೆ ಕೆಟ್ಟು ಹೋಗಿದೆ. ಮಧುಗಿರಿ ಹತ್ತಿರ ನಮ್ಮ ತೋಟದ ದಾರಿ ಪೂರ್ತಿ ಬಂಡೆ, ಸಂಪ್‌ಗೆ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಏಟು ಬೀಳಬಾರದು ಅಂತ ಗಾಡಿ ಅಡಿಗೆ ಕಬ್ಬಿಣದ ಪ್ಲೇಟ್ ಮಾಡಿಸಿ ಹಾಕಿಸಿದ್ದೇನೆ. ಈಗ ಗಾಡಿ ನಿಲ್ಲಿಸಿದ ತಕ್ಷಣ ಸುಟ್ಟ ವಾಸನೆ. ಬೆಳಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಕಪ್ಪು ಎಣ್ಣೆ. 60 ದಾಟಿದರೆ ಕಾಲಡಿಯಲ್ಲಿ ಗರ್ ಅಂತ ಸದ್ದು. ಪ್ಲೇಟ್ ಮಾಡಿದವರು ಇಂಜಿನ್ ಪ್ರಾಬ್ಲಂ ಅಂತಾರೆ, ಸರ್ವಿಸ್‌ನವರು ಹೊರಗಿನ ಪ್ಲೇಟ್ ಇದೆ, ನಾವು ಮುಟ್ಟಲ್ಲ ಅಂತಾರೆ. ಭಾನುವಾರ ಬಾಗೇಪಲ್ಲಿ ಕಡೆ ಹೋಗಬೇಕು. ಬೇಗ ಹೇಳಿ.

ಸ್ಪ್ಯಾನರ್ ಶಿರಾ
ಯಾವ ಗಾಡಿ, ಯಾವ ವರ್ಷ? ಪ್ಲೇಟ್ ಎಲ್ಲಿಂದ ಎಲ್ಲಿವರೆಗೆ?

ಕೆಎ64 ಕಲ್ಲುದಾರಿ
ಏಳು ಸೀಟಿನ ಡೀಸೆಲ್, ಎಲ್ಲರ ಹತ್ತಿರ ಇರೋದೇ. ಪ್ಲೇಟ್ ಅಡಿಗೆ ಇದೆ, ಇನ್ನೆಲ್ಲಿಗೆ ಹಾಕುತ್ತಾರೆ.

ಸ್ಪ್ಯಾನರ್ ಶಿರಾ
ಸರಿ ಬಿಡಿ. ಸಂಪ್ ಪ್ಲಗ್, ಅಂದರೆ ಆಯಿಲ್ ಇಳಿಸುವ ಬಿರಡೆ, ನೂರಕ್ಕೆ ನೂರು. ಆಯಿಲ್ ಬದಲಾಯಿಸುವಾಗ ವಾಷರ್ ಹಳೆಯದನ್ನೇ ಹಾಕಿಬಿಡುತ್ತಾರೆ. ಅದು ಒಂದು ಸಲ ಅಮುಕಿಕೊಂಡರೆ ಮುಗಿಯಿತು, ಮತ್ತೆ ಕೂರುವುದಿಲ್ಲ, ಎಷ್ಟು ಬಿಗಿ ಮಾಡಿದರೂ ಹನಿಯುತ್ತದೆ, ಜಾಸ್ತಿ ಬಿಗಿ ಮಾಡಿದರೆ ಸಂಪ್‌ನ ಥ್ರೆಡ್ಡೇ ಹೋಗುತ್ತದೆ. ಆ ಎಣ್ಣೆ ಬಿಸಿ ಜಾಗಕ್ಕೆ ಬಿದ್ದು ವಾಸನೆ. ಹೊಸ ವಾಷರ್ ಹಾಕಿಸಿ.

ಕೆಎ07 ಅಂತರಗಂಗೆ
ಗರ್ ಸದ್ದಿಗೆ ವಾಷರ್ ಏನು ಮಾಡುತ್ತದೆ? ಪ್ಲೇಟನ್ನು ಚಾಸಿಸ್ ಕ್ರಾಸ್ ಮೆಂಬರ್‌ಗೆ (ಅಡಿ ಚೌಕಟ್ಟಿನ ಅಡ್ಡಪಟ್ಟಿ) ಹಿಡಿಸಿದ್ದಾರಾ ಅಥವಾ ಗೇರ್‌ಬಾಕ್ಸ್ ಬೋಲ್ಟ್‌ಗೆ ಸಿಕ್ಕಿಸಿದ್ದಾರಾ ನೋಡಿ. ಇಂಜಿನ್, ಗೇರ್‌ಬಾಕ್ಸ್ ರಬ್ಬರ್ ಮೌಂಟ್ ಮೇಲೆ ಅಲ್ಲಾಡುತ್ತವೆ. ಪ್ಲೇಟನ್ನು ಅದಕ್ಕೇ ಕಟ್ಟಿದರೆ ಸದ್ದು ಮಾಡದೆ ಇನ್ನೇನು ಮಾಡುತ್ತದೆ. ಸಂಪ್‌ಗೂ ಪ್ಲೇಟ್‌ಗೂ ಎರಡು ಬೆರಳಾದರೂ ಜಾಗ ಬೇಕು. ಇಲ್ಲದಿದ್ದರೆ ಪ್ಲೇಟ್ ಬಗ್ಗಿ ಸಂಪನ್ನೇ ಒಡೆಯುತ್ತದೆ. ಮತ್ತೆ ಕಬ್ಬಿಣ ಯಾಕೆ ಹಾಕಿಸಿದಿರಿ? 6 ಎಂಎಂ ಅಲ್ಯುಮಿನಿಯಂ ಹಾಕಿಸಬೇಕಿತ್ತು.

ಸ್ಪ್ಯಾನರ್ ಶಿರಾ
ಅಲ್ಯುಮಿನಿಯಂ ಅಂದರೆ ಪಾತ್ರೆ ಅಂಗಡಿ. ನಮ್ಮ ಕಡೆ ಚೂಪು ಕಲ್ಲಿಗೆ ಹರಿದು ಹೋಗುತ್ತದೆ. ಕಬ್ಬಿಣ ಬಗ್ಗಿದರೆ ಸುತ್ತಿಗೆ ತಗೊಂಡು ಸರಿ ಮಾಡಬಹುದು, ಯಾವ ಹಳ್ಳಿಯಲ್ಲಾದರೂ ವೆಲ್ಡಿಂಗ್ ಸಿಗುತ್ತದೆ. ಅಲ್ಯುಮಿನಿಯಂ ವೆಲ್ಡ್ ಮಾಡುವವರನ್ನು ಹುಡುಕಿಕೊಂಡು ಪೀಣ್ಯಕ್ಕೆ ಹೋಗುತ್ತೀರಾ?

ಕೆಎ07 ಅಂತರಗಂಗೆ
ಲೆಕ್ಕ ಹಾಕಿ ಸ್ವಾಮಿ. 3 ಎಂಎಂ ಕಬ್ಬಿಣ ಒಂದು ಚದರ ಮೀಟರ್‌ಗೆ ಸುಮಾರು 23.5 ಕೆಜಿ, 6 ಎಂಎಂ ಅಲ್ಯುಮಿನಿಯಂ ಸುಮಾರು 16 ಕೆಜಿ. ದಪ್ಪ ಎರಡರಷ್ಟು, ತೂಕ ಕಡಿಮೆ, ತುಕ್ಕು ಇಲ್ಲ. 5052 ಗ್ರೇಡ್ ಕೇಳಿ ತಗೊಂಡರೆ ಹಾಗೆ ಸುಮ್ನೆ ಹರಿಯುವುದಿಲ್ಲ. ಪಾತ್ರೆ ಅಂಗಡಿಯ ಮಾಲೇ ಬೇರೆ.

ಚಿನ್ನದೂರು ಫೋರ್ ಬೈ ಫೋರ್
ನಾನು ಥಾರ್‌ಗೆ ಮುಂದೆ ಸಂಪ್, ಮಧ್ಯೆ ಟ್ರಾನ್ಸ್‌ಫರ್ ಕೇಸ್, ಹಿಂದೆ ಡೀಸೆಲ್ ಟ್ಯಾಂಕ್, ಮೂರಕ್ಕೂ ಬೇರೆ ಬೇರೆ ಪ್ಲೇಟ್ ಹಾಕಿಸಿದ್ದೇನೆ, ರಾಕ್ ಸ್ಲೈಡರ್ ಬೇರೆ, ಡಿಫರೆನ್ಷಿಯಲ್ ಬ್ರೀದರ್ ಪೈಪನ್ನು ಬಾನೆಟ್ ಒಳಗೆ ಎಳೆಸಿದ್ದೇನೆ, ಕೆರೆ ಕೋಡಿ ನೀರಿಗೂ ಭಯ ಇಲ್ಲ. ಫೋಟೋ ಹಾಕಲಾ?

ಸ್ಪ್ಯಾನರ್ ಶಿರಾ
ಬೇರೆ ಥ್ರೆಡ್‌ನಲ್ಲಿ ಹಾಕಿ. ಕಲ್ಲುದಾರಿ, ವಾಷರ್ ನೋಡಿದಿರಾ?

ಕೆಎ64 ಕಲ್ಲುದಾರಿ
ಹೊಸ ವಾಷರ್ ಹಾಕಿಸಿ, ಸಂಪ್ ಒರೆಸಿಸಿದೆ. ಪ್ಲಗ್ ಒಣಗಿದೆ. ಎಣ್ಣೆ ಇನ್ನೂ ಬೀಳುತ್ತಿದೆ. ಆಯಿಲ್ ಲೆವೆಲ್ ಸ್ವಲ್ಪವೂ ಇಳಿದಿಲ್ಲ, ಅದೇ ಅರ್ಥ ಆಗುತ್ತಿಲ್ಲ.

ಸ್ಪ್ಯಾನರ್ ಶಿರಾ
ಹಾಗಾದರೆ ಆಯಿಲ್ ಫಿಲ್ಟರ್ ಕೆಳಗಿನ ಓ ರಿಂಗ್ (ರಬ್ಬರ್ ಬಳೆ). ಇಲ್ಲ ಅಂದರೆ ಪ್ಲಗ್ ಬಿಸಿಯಾದಾಗ ಮಾತ್ರ ಹನಿಯುತ್ತದೆ. ನಾನು ಪ್ಲಗ್ ಅಂತಲೇ ಹೇಳುತ್ತೇನೆ.

ಕೆಎ40 ಗುಡಿಬಂಡೆ
ಪ್ಲಗ್ ಬಿಡಿ ಮಾರಾಯರೇ. ಕಲ್ಲುದಾರಿ, ಮೂರು ಪ್ರಶ್ನೆ. ಗಾಡಿ ಬಿಎಸ್6 (ಹೊಸ ಹೊಗೆ ನಿಯಮದ್ದು) ಹೌದಾ? ಪ್ಲೇಟ್ ಹಾಕಿದ ಮೇಲೆ ಆಯಿಲ್ ಬದಲಾಯಿಸಿದ್ದೀರಾ? ಈ ಎರಡು ತಿಂಗಳಲ್ಲಿ ಕಣದ ರಸ್ತೆಯಲ್ಲಿ ಓಡಿಸಿದ್ದೀರಾ?

ಕೆಎ64 ಕಲ್ಲುದಾರಿ
2021ರ ಗಾಡಿ, ಬಿಎಸ್6. ಆಯಿಲ್ ಬದಲಾಯಿಸಿದ್ದು ಪ್ಲೇಟ್ ಹಾಕಿದ ಮೇಲೇ, ಪ್ಲೇಟ್ ಬಿಚ್ಚದೆ ಪ್ಲಗ್‌ಗೆ ಬಿಟ್ಟಿರುವ ತೂತಿನಲ್ಲೇ ಇಳಿಸಿದರು. ರಸ್ತೆ ಅಂದರೆ ಏನು ಸಾರ್, ನಮ್ಮ ಕಡೆ ಈಗ ಯಾವ ರಸ್ತೆಯಲ್ಲಿ ರಾಗಿ, ಹುರುಳಿ ಹಾಸಿಲ್ಲ? ದಿನಾ ಅದರ ಮೇಲೇ ಓಡಾಟ.

ಕೆಎ40 ಗುಡಿಬಂಡೆ
ಇದನ್ನು ಮೊದಲೇ ಬರೆದಿದ್ದರೆ ಮೇಲಿನ ಜಗಳ ಅರ್ಧ ಇರುತ್ತಿರಲಿಲ್ಲ.

ತೂತಿನಲ್ಲಿ ಆಯಿಲ್ ಇಳಿಸಿದಾಗ ಮೊದಲು ರಭಸವಾಗಿ ಚಿಮ್ಮುತ್ತದೆ, ಕೊನೆಯಲ್ಲಿ ಸಂಪ್‌ಗೇ ಅಂಟಿಕೊಂಡು ಹರಿಯುತ್ತದೆ. ಎರಡು ಸಲವೂ ಸ್ವಲ್ಪ ಪ್ಲೇಟ್ ಒಳಗೆ ಬೀಳುತ್ತದೆ. ಪ್ಲೇಟ್ ಮೊರದ ಹಾಗೆ, ಬಿದ್ದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ವಾರಗಟ್ಟಲೆ ತೊಟ್ಟಿಕ್ಕುತ್ತದೆ. ಲೆವೆಲ್ ಇಳಿಯದಿರುವುದು ಅದಕ್ಕೇ.

ವಾಸನೆ ಬೇರೆ ಕಥೆ, ನನಗೆ ಭಯ ಅದರದ್ದೇ. ಹುರುಳಿ ಬಳ್ಳಿ ಚಕ್ರಕ್ಕೆ ಸಿಕ್ಕಿ ಮೇಲೆ ಹಾರುತ್ತದೆ, ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ಉಳಿದದ್ದು ಪ್ಲೇಟ್‌ಗೂ ಎಕ್ಸಾಸ್ಟ್‌ಗೂ ನಡುವೆ ತುರುಕಿಕೊಳ್ಳುತ್ತದೆ. ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ ಇದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದರಲ್ಲಿ ತುಂಬಿದ ಮಸಿ ಸುಡುವಾಗ ಒಳಗಿನ ಬಿಸಿ 600 ಡಿಗ್ರಿ ಮುಟ್ಟುತ್ತದೆ. ಪಕ್ಕದಲ್ಲಿ ಒಣ ಹುಲ್ಲು, ಕೆಳಗೆ ಎಣ್ಣೆ. ಕಣದ ರಸ್ತೆಯಲ್ಲಿ ಕಾರು ಹೊತ್ತಿ ಉರಿದ ಸುದ್ದಿ ಪ್ರತಿ ಸುಗ್ಗಿಯಲ್ಲೂ ಬರುತ್ತದೆ, ಅಲ್ವಾ? ಅವು ಪ್ಲೇಟ್ ಇಲ್ಲದ ಗಾಡಿಗಳು.

ಭಾನುವಾರದವರೆಗೆ ಕಾಯಬೇಡಿ. ಗಾಡಿ ತಣ್ಣಗಾದ ಮೇಲೆ ಪೂರ್ತಿ ಪ್ಲೇಟ್ ಇಳಿಸಿ. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ.

ಕೆಎ07 ಅಂತರಗಂಗೆ
ಸುಟ್ಟ ವಾಸನೆ ಡಿಪಿಎಫ್ ರೀಜನ್‌ದೂ (ಮಸಿ ಸುಡುವುದು) ಇರಬಹುದು. ರೀಜನ್ ನಡುವೆ ಆಫ್ ಮಾಡಿದರೆ ಫ್ಯಾನ್ ಓಡುತ್ತಲೇ ಇರುತ್ತದೆ, ವಾಸನೆ ಬರುತ್ತದೆ, ಅದು ಮಾಮೂಲು.

ಕೆಎ40 ಗುಡಿಬಂಡೆ
ಅದು ಯಾವಾಗಲೋ ಒಮ್ಮೆ. ಇವರಿಗೆ ನಿಲ್ಲಿಸಿದಾಗಲೆಲ್ಲ ಬರುತ್ತಿದೆ.

ಕೆಎ64 ಕಲ್ಲುದಾರಿ
ಇಳಿಸಿದೆವು. ಎರಡು ಬೋಲ್ಟ್ ತಲೆ ಸವೆದಿತ್ತು, ಗ್ರೈಂಡರ್ ತರಿಸಬೇಕಾಯಿತು. ಒಂದು ಬುಟ್ಟಿ ಹುಲ್ಲು ಬಂತು. ಮೇಲಿನದು ಹಸಿರು ಬಿಟ್ಟು ಬೂದು ಬಣ್ಣ, ಕೆಳಗಿನದು ಎಣ್ಣೆಯಲ್ಲಿ ನೆಂದು ಕಪ್ಪು ಮುದ್ದೆ, ಎಕ್ಸಾಸ್ಟ್ ಕಡೆ ಇದ್ದ ತುದಿ ಕರಕಲು. ಮುಟ್ಟಿದರೆ ಪುಡಿ. ಶಾಫ್ಟ್‌ಗೆ ಸುತ್ತಿದ್ದ ಬಳ್ಳಿಯನ್ನು ಚಾಕುವಿನಲ್ಲಿ ಕುಯ್ದು ತೆಗೆದೆವು. ಹಿಂದಿನ ಚಕ್ರದ ಎಬಿಎಸ್ ವೈರ್ ಕ್ಲಿಪ್ ಒಂದು ಕಿತ್ತಿದೆ. ಸದ್ದು ಈಗ ಇಲ್ಲ. ವಾಸನೆಯೂ ಇಲ್ಲ. ಆದರೆ ಗೇರ್‌ಬಾಕ್ಸ್ ಹತ್ತಿರ ಇನ್ನೂ ತೇವ ಇದೆ.

ಸ್ಪ್ಯಾನರ್ ಶಿರಾ
ನೋಡಿದಿರಾ, ಲೀಕ್ ಇದ್ದೇ ಇದೆ.

ಕೆಎ40 ಗುಡಿಬಂಡೆ
ಒರೆಸಿ, ರಾತ್ರಿ ಕೆಳಗೆ ರಟ್ಟು ಹಾಸಿ. ಡೀಸೆಲ್ ಇಂಜಿನ್ ಆಯಿಲ್ ಕಡುಕಪ್ಪು, ಗೇರ್ ಆಯಿಲ್‌ಗೆ ಮೂಗಿಗೆ ಹೊಡೆಯುವ ಗಂಧಕದ ವಾಸನೆ, ಬರೀ ನೀರಾದರೆ ಎಸಿಯದ್ದು. ಪ್ಲೇಟ್ ವಾಪಸ್ ಹಾಕುವ ಮುಂಚೆ ಪ್ಲಗ್ ಮತ್ತು ಫಿಲ್ಟರ್ ಕೆಳಗೆ ಕೈ ಹೋಗುವಷ್ಟು ದೊಡ್ಡ ಕಿಂಡಿ ಕೊರೆಸಿ, ಕೆಳಮಟ್ಟದಲ್ಲಿ ನೀರು ಇಳಿಯಲು ತೂತು, ಹಿಂಭಾಗದಲ್ಲಿ ಬಿಸಿಗಾಳಿ ಹೋಗಲು ಸೀಳು. ಎಕ್ಸಾಸ್ಟ್ ಕೆಳಗೆ ಪ್ಲೇಟೇ ಬೇಡ. ಸುಗ್ಗಿ ಮುಗಿಯುವವರೆಗೆ ಹಾಕದಿದ್ದರೆ ಇನ್ನೂ ಒಳ್ಳೆಯದು.

ಕೆಎ64 ಕಲ್ಲುದಾರಿ
ಹಾಕದಿದ್ದರೆ ತೋಟದ ಬಂಡೆಗೆ ಯಾರು ಜವಾಬ್ದಾರಿ?

ಚಿನ್ನದೂರು ಫೋರ್ ಬೈ ಫೋರ್
ಅದಕ್ಕೇ ಮೂರು ಪ್ಲೇಟ್ ಮಾಡಿಸಿ ಅಂದದ್ದು. ಫೋಟೋ ಹಾಕಿದ್ದೇನೆ, ನೋಡಿ. ಹಿಂದೆ ಕಾಣುವುದು ಸಯನೈಡ್ ದಿಬ್ಬ, ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯ.

ಹೊಸಬ ಕುಣಿಗಲ್
ಪ್ಲೇಟ್ ಬೇಡ, ಅಡಿಗೆ ರಬ್ಬರ್ ಕೋಟಿಂಗ್ ಹೊಡೆಸಿದರೆ ಸಾಕಾಗುವುದಿಲ್ವಾ? ಬೊಲೆರೋಗೆ ಎಷ್ಟಾಗುತ್ತದೆ?

ಕೆಎ07 ಅಂತರಗಂಗೆ
ಕೋಟಿಂಗ್ ತುಕ್ಕಿಗೆ ಮತ್ತು ಜಲ್ಲಿ ಸದ್ದಿಗೆ, ಬಂಡೆಗಲ್ಲ. ಹೊಡೆಸಿದರೂ ಎಕ್ಸಾಸ್ಟ್, ಶಾಫ್ಟ್, ಬ್ರೇಕ್, ಸೆನ್ಸರ್, ಬಾಗಿಲಿನ ಕೆಳಗಿನ ನೀರಿನ ತೂತು ಇವಕ್ಕೆಲ್ಲ ಪೇಪರ್ ಅಂಟಿಸಿ ಅಂತ ನಿಂತು ಹೇಳಿ. ರೇಟಿಗೆ ಬೇರೆ ಥ್ರೆಡ್ ಶುರು ಮಾಡಿ.